‘ನ್ಯಾಚುರಲ್’ ಅಂದ್ರೆ ಸಾಕಾ? - ಒಂದು ಕರಿ ಕಾಳಿನ ಕಥೆ

ಈ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ರಿಲೀಸು, ನೈಟ್ ಕಾಲು, ಮನೆ ಬದಲಾವಣೆ... ನೆಪಗಳಿಗೇನು ಬರ! ಆದರೆ ಕಳೆದ ಭಾನುವಾರ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಬಂದ ಒಂದು ಫಾರ್ವರ್ಡ್ ನೋಡಿ ತಲೆ ಕೆಟ್ಟುಹೋಯಿತು. ಅಲ್ಲೇ ಉತ್ತರ ಬರೆದರೆ ಮುಂದಿನ ಮದುವೆಯಲ್ಲಿ ಯಾರೂ ಮಾತಾಡಿಸುವುದಿಲ್ಲ. ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ :)

ಫಾರ್ವರ್ಡಿನ ಸಾರಾಂಶ ಇಷ್ಟು: ಪ್ರಕೃತಿ ಕೊಟ್ಟಿದ್ದೆಲ್ಲ ಅಮೃತ, ಲ್ಯಾಬಿನಲ್ಲಿ ಮಾಡಿದ್ದೆಲ್ಲ ವಿಷ. ನ್ಯಾಚುರಲ್ ಔಷಧಕ್ಕೆ ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ. ಹನ್ನೊಂದು ಜನರಿಗೆ ಕಳಿಸಿ.

ಕಳಿಸಿದವರು ನಮ್ಮ ಕಾಕಾ. ರಿಟೈರ್ಡ್ ಮೇಷ್ಟ್ರು. ನನಗೆ ಮಗ್ಗಿ ಕಲಿಸಿದವರು. ಬೇರೆ ಯಾರಾದರೂ ಕಳಿಸಿದ್ದರೆ ಡಿಲೀಟ್ ಮಾಡಿ ಸುಮ್ಮನಾಗುತ್ತಿದ್ದೆ. ಆದರೆ ಕಾಕಾ ಹೋದ ವರ್ಷ ನನ್ನ ಜೊತೆ ಒಂದು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಆ ರಾತ್ರಿ ಆದಮೇಲೂ ಇದನ್ನು ಹೇಗೆ ಕಳಿಸಿದರು ಅನ್ನುವುದೇ ನನಗೆ ಅರ್ಥವಾಗದ ವಿಷಯ.

ಅವತ್ತು ಆಗಿದ್ದು ಇಷ್ಟು. ನಮ್ಮ ಅಕ್ಕನಿಗೆ ಹೆರಿಗೆ. ಊರು ಕೊಪ್ಪಳದ ಕಡೆ, ಆಸ್ಪತ್ರೆ ಹತ್ತಿರದ ತಾಲ್ಲೂಕಿನದು. ಮಗು ಸುಸೂತ್ರವಾಗಿ ಬಂತು, ಕಸವೂ ಬಿತ್ತು. ಆದರೆ ರಕ್ತ ನಿಲ್ಲಲಿಲ್ಲ. ಮೊದಲು ಸಲೈನಿನಲ್ಲಿ ಆಕ್ಸಿಟೋಸಿನ್ ಹಾಕಿದರಂತೆ. ಸಾಲಲಿಲ್ಲ. ನರ್ಸಮ್ಮ ಹೊರಗೆ ಓಡಿ ಬಂದು ಎರಡು ಪ್ರಶ್ನೆ ಕೇಳಿದರು.

"ಬಸುರಿದ್ದಾಗ ಬಿಪಿ ಇತ್ತೇನ್ರೀ?"

"ಇಲ್ರೀ" ಅಂದಳು ಅವ್ವ.

"ಬ್ಯಾರೆ ಏನರ ಔಷಧ ತಗೊಂಡಾರೇನ್?"

ಅವ್ವ ಕಾಕಾನ ಮುಖ ನೋಡಿದಳು. ಕಾಕಾ ನೆಲ ನೋಡಿದರು. ಯಾರೂ ಮಾತಾಡಲಿಲ್ಲ. ನಾನೂ!

ನರ್ಸಮ್ಮ ಕಾಯಲಿಲ್ಲ. ಫ್ರಿಜ್ಜಿನಿಂದ ಪುಟ್ಟ ಆಂಪೂಲ್ ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದು ರಕ್ತ ಹತೋಟಿಗೆ ಬಂದಿದೆ ಅಂದರು. ಕಾಕಾ ಕೈ ಮುಗಿದು "ದೇವರು ದೊಡ್ಡಾವ" ಅಂದರು. ಇರಲಿ, ದೇವರು ದೊಡ್ಡವನೇ. ನನ್ನ ಜಗಳ ದೇವರ ಜೊತೆ ಅಲ್ಲ.

ನಾವು ಯಾಕೆ ಬಾಯಿ ಬಿಡಲಿಲ್ಲ ಗೊತ್ತೇ? ಎಂಟನೇ ತಿಂಗಳಲ್ಲಿ ಕಾಕಾ ಎಲ್ಲಿಂದಲೋ ಒಂದು ಪೊಟ್ಟಣ ತಂದುಕೊಟ್ಟಿದ್ದರು. "ಹೆರಿಗೆ ಸಲೀಸಾಗತೈತಿ, ಪೂರಾ ನ್ಯಾಚುರಲ್, ಏನೂ ಆಗಂಗಿಲ್ಲ ತಗೋ ತಂಗಿ" ಅಂತ. ಕಂದು ಬಣ್ಣದ ಪುಡಿ. ಅದರೊಳಗೆ ಏನಿದೆ ಅಂತ ಬರೆದಿರಲಿಲ್ಲ. ಎಷ್ಟು ತಗೊಳ್ಳಬೇಕು ಅಂತಲೂ ಇಲ್ಲ, "ಒಂದು ಚಮಚ" ಅಂತ ಬಾಯಿಮಾತು. ಅಕ್ಕ ಒಂದೆರಡು ವಾರ ತಗೊಂಡಿದ್ದಳು.

ಆ ಪುಡಿಯಿಂದಲೇ ರಕ್ತ ಹೋಯಿತು ಅಂತ ನಾನು ಹೇಳುತ್ತಿಲ್ಲ. ಪುಡಿ ತಿನ್ನದವರಿಗೂ ಹೀಗೆ ಆಗುತ್ತದೆ. ನನಗೆ ಗೊತ್ತಿಲ್ಲ, ಡಾಕ್ಟರಿಗೆ ಗೊತ್ತಿಲ್ಲ, ಪುಡಿ ಮಾರಿದವನಿಗಂತೂ ಗೊತ್ತೇ ಇಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೇ ಇಲ್ಲ. ಅದೇ ನನ್ನ ತಕರಾರು.

ಡಿಸ್ಚಾರ್ಜ್ ಕಾರ್ಡಿನಲ್ಲಿ ಆ ಇಂಜೆಕ್ಷನ್ನಿನ ಹೆಸರು ಬರೆದಿದ್ದರು. ಮೀಥೈಲ್ ಎರ್ಗೋಮೆಟ್ರಿನ್, 0.2 ಮಿಲಿಗ್ರಾಂ. ಮೆಥರ್ಜಿನ್ ಅಂದರೆ ಹೆರಿಗೆ ವಾರ್ಡಿನವರಿಗೆಲ್ಲ ಗೊತ್ತು. ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ, ಅದೇನು ಅಂತ ಹುಡುಕುತ್ತಾ ಕೂತೆ. ಓದಿದ ಮೇಲಂತೂ ನಿದ್ದೆ ಬರಲೇ ಇಲ್ಲ! ನನ್ನ ಅಕ್ಕನನ್ನು ಉಳಿಸಿದ ಆ ಔಷಧದ ಮೂಲ, ಬೆಳೆಗೆ ಬರುವ ಒಂದು ರೋಗ.

ಎರ್ಗಟ್ ಅಂತ ಅದರ ಹೆಸರು. ಯುರೋಪಿನ ಚಳಿ ಪ್ರದೇಶಗಳಲ್ಲಿ ರೈ ಅಂತ ಒಂದು ಧಾನ್ಯ ಬೆಳೆಯುತ್ತಾರೆ, ಗೋಧಿಯ ದಾಯಾದಿ. ಅದು ಹೂ ಬಿಡುವ ಹೊತ್ತಿಗೆ ತಂಪು ಹವೆ, ಮಳೆ ಇದ್ದರೆ ಕ್ಲಾವಿಸೆಪ್ಸ್ ಪರ್ಪ್ಯೂರಿಯಾ ಅನ್ನುವ ಶಿಲೀಂಧ್ರ ಹೂವಿನೊಳಗೆ ಸೇರಿಕೊಳ್ಳುತ್ತದೆ. ಮೊದಲು ತೆನೆಯಿಂದ ಜೇನಿನಂಥ ಅಂಟು ಇಳಿಯುತ್ತದೆ. ಆಮೇಲೆ ಕಾಳು ಇರಬೇಕಾದ ಜಾಗದಲ್ಲಿ ಕೋಳಿಯ ಕಾಲಿನ ಹಿಂದಿನ ಉಗುರಿನ ಹಾಗೆ ಒಂದು ಕಪ್ಪು ಕೊಂಬು ಬೆಳೆಯುತ್ತದೆ. ಪೂರಾ ನ್ಯಾಚುರಲ್ ಸ್ವಾಮಿ! ಯಾವ ಫ್ಯಾಕ್ಟರಿಯೂ ಇಲ್ಲ, ಯಾವ ಕಂಪನಿಯೂ ಇಲ್ಲ.

ಈ ಕಪ್ಪು ಕಾಳು ಹಿಟ್ಟಿಗೆ ಸೇರಿ ರೊಟ್ಟಿಯಾದರೆ ಏನಾಗುತ್ತದೆ? ಮಧ್ಯಯುಗದ ಯುರೋಪಿನಲ್ಲಿ ಊರಿಗೂರೇ ಅನುಭವಿಸಿದ್ದು ಅದನ್ನೇ. ಕೈಕಾಲು ಬೆಂಕಿಯಲ್ಲಿಟ್ಟ ಹಾಗೆ ಉರಿದು, ಕಪ್ಪಾಗಿ, ಒಣಗಿ, ಕೊನೆಗೆ ಕಳಚಿ ಬೀಳುತ್ತಿದ್ದವಂತೆ. ಕೆಲವರಿಗೆ ಸೆಳವು, ಭ್ರಮೆ. ಸಂತ ಆಂಟನಿಯ ಬೆಂಕಿ ಅಂತ ಹೆಸರಿಟ್ಟು ಮಠಕ್ಕೆ ಹರಕೆ ಹೊರುತ್ತಿದ್ದರು. ಇದಕ್ಕೆ ಕಾರಣ ರೈ ತೆನೆಯಲ್ಲಿರುವ ಕರಿ ಕಾಳು ಅಂತ 1676ರಲ್ಲಿ ಫ್ರಾನ್ಸಿನ ವೈದ್ಯ ಡೆನಿ ದೋದಾರ್ ಅಲ್ಲಿನ ವಿಜ್ಞಾನ ಅಕಾಡೆಮಿಗೆ ಬರೆದ. ಆ ಕರಿ ಕಾಳು ಒಂದು ಶಿಲೀಂಧ್ರದ ಜೀವನಚಕ್ರದ ಒಂದು ಹಂತ ಅಂತ ತುಲಾನ್ ಪೂರ್ತಿಯಾಗಿ ವಿವರಿಸುವ ಹೊತ್ತಿಗೆ 1853 ಆಗಿತ್ತು.

ಇಲ್ಲಿಯವರೆಗೆ ಓದಿ "ನೋಡಿದ್ಯಾ, ಕಾಕಾ ಸೋತರು" ಅಂತ ನಗುವ ನನ್ನ ಆಫೀಸಿನ ಗೆಳೆಯರಿಗೆ ಒಂದು ಮಾತು. ತಡೀರಿ. ನಿಮ್ಮ ಸರದಿಯೂ ಇದೆ.

ಈ ವಿಷದಲ್ಲಿ ಔಷಧವಿದೆ ಅಂತ ಮೊದಲು ಕಂಡುಕೊಂಡವರು ಯಾವ ಲ್ಯಾಬಿನವರೂ ಅಲ್ಲ, ಸೂಲಗಿತ್ತಿಯರು. ಗರ್ಭಕೋಶದ ತೊಂದರೆಗೆ ಹೆಂಗಸರು ಈ ಕಾಳು ಬಳಸುತ್ತಾರೆ ಅಂತ 1582ರಲ್ಲೇ ಜರ್ಮನಿಯ ಆಡಂ ಲೋನಿಟ್ಸರನ ಮೂಲಿಕೆ ಗ್ರಂಥದಲ್ಲಿ ಬಂದಿದೆ. ಅಂದರೆ ಅದಕ್ಕೂ ಎಷ್ಟೋ ಮೊದಲೇ ಅವರಿಗೆ ಗೊತ್ತಿತ್ತು. ಬರೆದಿಟ್ಟವರು ಗಂಡಸರು, ಕಂಡುಕೊಂಡವರು ಹೆಂಗಸರು. ಅವರ ಒಂದು ಹೆಸರೂ ಉಳಿದಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿ ಹೆಮ್ಮೆಪಟ್ಟೆವಲ್ಲ, ಯುರೋಪಿನ ಅಂಥ ನರಸಮ್ಮಂದಿರ ಹೆಸರು ಯಾರಿಗೂ ಗೊತ್ತಿಲ್ಲ. ‘ಅಜ್ಜಿ ಮದ್ದು’ ಅಂದ ಕೂಡಲೇ ಕಿಸಕ್ಕನೆ ನಗುವ ಇಂಜಿನಿಯರುಗಳು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. (ನಾನೂ ಆ ಗುಂಪಿನವನೇ, ಸುಳ್ಳು ಯಾಕೆ!)

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಕಾಕಾನ ಫಾರ್ವರ್ಡ್ ಮುಚ್ಚಿಡುವ ಭಾಗ ಶುರುವಾಗುವುದೇ ಇಲ್ಲಿಂದ.

1808ರಲ್ಲಿ ಅಮೆರಿಕದ ಜಾನ್ ಸ್ಟರ್ನ್ಸ್ ಅನ್ನುವ ಡಾಕ್ಟರು, ಎರ್ಗಟ್ ಪುಡಿ ಕೊಟ್ಟರೆ ನಿಧಾನವಾದ ಹೆರಿಗೆ ಬೇಗ ಮುಗಿಯುತ್ತದೆ ಅಂತ ಪತ್ರ ಬರೆದ. ‘ಹೆರಿಗೆಯ ಪುಡಿ’ ಅಂತ ಹೆಸರು ಬಂತು. ಎಲ್ಲರೂ ಕೊಡತೊಡಗಿದರು. ಏನಾಯಿತು? ಸತ್ತು ಹುಟ್ಟುವ ಮಕ್ಕಳು ಹೆಚ್ಚಾದವು, ಗರ್ಭಕೋಶ ಒಡೆದು ತಾಯಂದಿರೂ ಸತ್ತರು. 1820ರ ದಶಕದಲ್ಲಿ ನ್ಯೂಯಾರ್ಕಿನ ಡೇವಿಡ್ ಹೋಸಾಕ್ ಅನ್ನುವ ಡಾಕ್ಟರು ‘ಇದು ಹೆರಿಗೆಯ ಪುಡಿಯಲ್ಲ, ಸಾವಿನ ಪುಡಿ’ ಅಂತ ಕಟುವಾಗಿ ಬರೆದ. ಕೊಡುವುದಾದರೆ ಮಗು ಹೊರಗೆ ಬಂದ ಮೇಲೆ, ರಕ್ತ ನಿಲ್ಲಿಸುವುದಕ್ಕೆ ಮಾತ್ರ ಕೊಡಿ ಅಂದ. ಇವತ್ತಿಗೂ ಈ ಔಷಧಕ್ಕೆ ಅದೇ ನಿಯಮ.

ಸ್ವಲ್ಪ ಯೋಚಿಸಿ ನೋಡಿ. ಎರ್ಗಟ್ ಮಾಡುವ ಕೆಲಸ ಮುಖ್ಯವಾಗಿ ಒಂದೇ, ಹಿಂಡುವುದು. ರಕ್ತನಾಳದ ಸ್ನಾಯು ಹಿಂಡಿದರೆ ಕೈಕಾಲಿಗೆ ರಕ್ತ ಹೋಗದೆ ಕೊಳೆಯುತ್ತವೆ. ಮಗು ಒಳಗಿರುವಾಗ ಗರ್ಭಕೋಶ ಬಿಡದೆ ಹಿಂಡಿದರೆ ಮಗುವಿಗೆ ಉಸಿರಿಲ್ಲ. ಮಗು ಹೊರಗೆ ಬಂದ ಮೇಲೆ ಹಿಂಡಿದರೆ ಬಾಯ್ತೆರೆದ ರಕ್ತನಾಳಗಳೆಲ್ಲ ಮುಚ್ಚಿ ಅಕ್ಕ ಮನೆಗೆ ಬರುತ್ತಾಳೆ. ಶಿಲೀಂಧ್ರ ಅದೇ, ಹಿಂಡುವುದೂ ಅದೇ. ಎಷ್ಟು, ಯಾವಾಗ, ಯಾರಿಗೆ ಅನ್ನುವುದು ಬದಲಾದರೆ ಅಮೃತ ವಿಷ, ವಿಷ ಅಮೃತ. ನರ್ಸಮ್ಮ ಬಿಪಿ ಕೇಳಿದ್ದು ಸುಮ್ಮನೆ ಅಲ್ಲ. ಬಿಪಿ ಇದ್ದವರಿಗೆ ಇದನ್ನು ಕೊಟ್ಟರೆ ರಕ್ತನಾಳ ಬಿಗಿದು ಪ್ರಾಣಕ್ಕೇ ಬರಬಹುದು. ಆ ಒಂದು ಪ್ರಶ್ನೆಯ ಹಿಂದೆ ಎಷ್ಟು ಜನರ ಸಾವಿದೆ ಅಂತ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಇನ್ನು ಲ್ಯಾಬಿನ ವಿಷಯ. 1918ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಆರ್ಥರ್ ಸ್ಟೋಲ್ ಎರ್ಗಟ್ಟಿನಿಂದ ಎರ್ಗೋಟಮಿನ್ ಅನ್ನುವ ಶುದ್ಧ ವಸ್ತು ಬೇರ್ಪಡಿಸಿದ. ಅದು ಮೈಗ್ರೇನ್ ತಲೆನೋವಿಗೆ ಮದ್ದಾಯಿತು. ಹೆರಿಗೆಯ ಗುಣಕ್ಕೂ ಇಂಥವೇ ಕಾರಣ, ಇವು ಅಷ್ಟಾಗಿ ಇಲ್ಲದ ಹಳೇ ಕಾಲದ ನೀರಿನ ಕಷಾಯ ನಿಷ್ಪ್ರಯೋಜಕ ಅಂತ ಪಂಡಿತರು ತೀರ್ಮಾನಿಸಿದರು. 1932ರಲ್ಲಿ ಲಂಡನ್ನಿನಲ್ಲಿ ಚಾಸರ್ ಮೋಯಿರ್ ಅನ್ನುವ ಹೆರಿಗೆ ಡಾಕ್ಟರು ಅದೇ ಹಳೇ ಕಷಾಯವನ್ನು ಬಾಣಂತಿಯರಿಗೆ ಕೊಟ್ಟು, ಗರ್ಭಕೋಶ ಎಷ್ಟು ಬಿಗಿಯುತ್ತದೆ ಅಂತ ಅಳೆದು ನೋಡಿದ. ಶುದ್ಧ ಮಾಡಿದ್ದಕ್ಕಿಂತ ಕಷಾಯವೇ ಬೇಗ, ಜೋರಾಗಿ ಕೆಲಸ ಮಾಡಿತು! ಪಂಡಿತರು ತಪ್ಪು, ಸೂಲಗಿತ್ತಿಯರು ಸರಿ. ಕಷಾಯದೊಳಗೆ ಯಾರಿಗೂ ಗೊತ್ತಿಲ್ಲದ ಇನ್ನೊಂದು ವಸ್ತುವಿತ್ತು. 1935ರಲ್ಲಿ ಮೋಯಿರ್ ಮತ್ತು ರಸಾಯನ ತಜ್ಞ ಹೆರಾಲ್ಡ್ ಡಡ್ಲಿ ಅದನ್ನು ಹಿಡಿದರು. ಅದೇ ಎರ್ಗೋಮೆಟ್ರಿನ್. ಅದೇ ವರ್ಷ ಬೇರೆ ಲ್ಯಾಬುಗಳಲ್ಲೂ ಸಿಕ್ಕಿ, ಒಂದೇ ವಸ್ತುವಿಗೆ ನಾಲ್ಕು ಹೆಸರಾಯಿತು. ಅಮೆರಿಕದಲ್ಲಿ ಇವತ್ತಿಗೂ ಅದು ಎರ್ಗೋನೋವಿನ್.

ನನಗೆ ತುಂಬಾ ಹಿಡಿಸಿದ ಭಾಗ ಇದು. ಮೋಯಿರ್ "ನಮ್ಮ ಹಿರಿಯರು ಹೇಳಿದ್ದು ಸರಿ" ಅಂತ ಭಾಷಣ ಮಾಡಲಿಲ್ಲ. "ಇದೆಲ್ಲ ಮೂಢನಂಬಿಕೆ" ಅಂತ ಕಸದ ಬುಟ್ಟಿಗೂ ಹಾಕಲಿಲ್ಲ. ಅಳೆದು ನೋಡಿದ. ಸೂಲಗಿತ್ತಿಯರಿಗೆ ಅವನು ಕೊಟ್ಟ ಮರ್ಯಾದೆ ಅದು. ಅವರ ಮಾತನ್ನು ಪರೀಕ್ಷೆಗೆ ಒಡ್ಡುವಷ್ಟು ಗಂಭೀರವಾಗಿ ತೆಗೆದುಕೊಂಡ. ಸಂಪ್ರದಾಯದ ಹೆಸರಲ್ಲಿ ಲೇಬಲ್ಲಿಲ್ಲದ ಪುಡಿ ಮಾರುವವರು ಕೊಡುವುದು ಮರ್ಯಾದೆಯಲ್ಲ, ಅದು ಸಂಪ್ರದಾಯವನ್ನು ಅಡ ಇಡುವ ವ್ಯಾಪಾರ.

ಮುಂದೆ ಇದೇ ಬಾಸೆಲ್ ಲ್ಯಾಬಿನಲ್ಲಿ ಆಲ್ಬರ್ಟ್ ಹಾಫ್‌ಮನ್ ಬಂದ. ನಮ್ಮ ಟೆಕ್ಕಿಗಳಿಗೆ ಇವನ ಕಥೆ ಮಾತ್ರ ಬಾಯಿಪಾಠ. 1938ರಲ್ಲಿ ಎರ್ಗಟ್ಟಿನ ಲೈಸರ್ಜಿಕ್ ಆಮ್ಲದಿಂದ ಎಲ್‌ಎಸ್‌ಡಿ ಮಾಡಿದ, 1943ರ ಏಪ್ರಿಲ್‌ನಲ್ಲಿ 0.25 ಮಿಲಿಗ್ರಾಂ ನುಂಗಿ ಸೈಕಲ್ ಹತ್ತಿ ಮನೆಗೆ ಹೋದ, ದಾರಿಯುದ್ದಕ್ಕೂ ಲೋಕ ಅಲ್ಲಾಡಿತು. ವೀಕೆಂಡ್ ಪಾರ್ಟಿಯಲ್ಲಿ ಎಷ್ಟು ಸಲ ಕೇಳಿದ್ದೇನೋ! ಆದರೆ ಅದೇ ಹಾಫ್‌ಮನ್, ಸ್ಟೋಲ್ ಜೊತೆ ಸೇರಿ ಅದೇ ಲೈಸರ್ಜಿಕ್ ಆಮ್ಲಕ್ಕೆ ಬೇರೊಂದು ಸಣ್ಣ ಬಾಲ ಜೋಡಿಸಿ ಮೀಥೈಲ್ ಎರ್ಗೋಮೆಟ್ರಿನ್ ಮಾಡಿದ್ದನ್ನು ಯಾರೂ ಹೇಳಲಿಲ್ಲ. ಸೈಕಲ್ಲಿನ ಕಥೆಗೆ ಪೋಸ್ಟರ್ ಇದೆ, ಟೀ ಶರ್ಟ್ ಇದೆ. ತಾಯಂದಿರನ್ನು ಉಳಿಸಿದ್ದಕ್ಕೆ ಟೀ ಶರ್ಟ್ ಇಲ್ಲ.

ಈಗ ಕಾಕಾಗೆ ನನ್ನ ಪ್ರಶ್ನೆ. ಆ ಇಂಜೆಕ್ಷನ್ ನ್ಯಾಚುರಲ್ಲೋ ಕೆಮಿಕಲ್ಲೋ? ಅರ್ಧ ಶಿಲೀಂಧ್ರ ಕೊಟ್ಟಿದ್ದು, ಅರ್ಧ ಲ್ಯಾಬು ಕೂಡಿಸಿದ್ದು. ಅದಕ್ಕೂ ಮೊದಲು ಸಲೈನಿನಲ್ಲಿ ಹೋದ ಆಕ್ಸಿಟೋಸಿನ್? ಅದು ನಮ್ಮವರ ಮೈಯಲ್ಲೇ ಹುಟ್ಟುವ ಹಾರ್ಮೋನು, ಆದರೆ ಬಾಟಲಿಯಲ್ಲಿದ್ದದ್ದು ಲ್ಯಾಬಿನಲ್ಲಿ ಕಟ್ಟಿದ್ದು. ಆ ವಿದ್ಯೆಗೆ ವಿನ್ಸೆಂಟ್ ಡು ವಿನ್ಯೋಗೆ 1955ರಲ್ಲಿ ನೊಬೆಲ್ ಬಂತು. ಹಾಗಾದರೆ ಇದು ಅಮೃತವೋ ವಿಷವೋ? ಪ್ರಶ್ನೆಯೇ ತಪ್ಪು. ಕೇಳಬೇಕಾದ್ದು: ಒಳಗಿರುವುದು ಏನು? ಎಷ್ಟಿದೆ? ಯಾರು, ಎಷ್ಟು ಜನರ ಮೇಲೆ ನೋಡಿ ಲೆಕ್ಕ ಇಟ್ಟಿದ್ದಾರೆ? 0.2 ಮಿಲಿಗ್ರಾಂ ಅಂದರೆ ಸಣ್ಣ ಉಪ್ಪಿನ ಮೂರ್ನಾಲ್ಕು ಹರಳಿನಷ್ಟು ತೂಕ. ಅಷ್ಟರಲ್ಲಿ ಪ್ರಾಣ ಉಳಿಯುತ್ತದೆ. ‘ಒಂದು ಚಮಚ’ ಅನ್ನುವ ಬಾಯಿಮಾತಿನ ಅಳತೆ ಇಲ್ಲಿ ನಡೆಯುವುದಿಲ್ಲ.

"ಆದ್ರ ಗಿಡದಾಗಿರೋದು ಗಿಡದಾಗಿದ್ದಂಗ ತಿಂದ್ರ ಒಳ್ಳೇದಲ್ಲೇನು?" ಅಂತ ಕಾಕಾ ಕೇಳುತ್ತಾರೆ ಅಂತ ಗೊತ್ತು. ಅದಕ್ಕೆ ನಮ್ಮ ಹೊಲದ್ದೇ ಉತ್ತರ ಇದೆ.

ನಮ್ಮ ಅಜ್ಜ ಸಜ್ಜೆ ಬಿತ್ತುತ್ತಿದ್ದರು. ಬಿತ್ತುವ ಮುಂಚೆ ದೊಡ್ಡ ಬುಟ್ಟಿಯಲ್ಲಿ ಹತ್ತು ಲೀಟರ್ ನೀರಿಗೆ ಒಂದು ಕಿಲೋ ಉಪ್ಪು ಕಲಸಿ ಬೀಜ ಸುರಿಯುತ್ತಿದ್ದರು. ಜೊಳ್ಳು ಮತ್ತು ಕರಿ ಕಾಳು ತೇಲುತ್ತಿದ್ದವು. ಅವನ್ನು ತೆಗೆದು ಚೆಲ್ಲಿ, ಉಳಿದದ್ದನ್ನು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಆರಿಸುತ್ತಿದ್ದರು. ಚಿಕ್ಕವನಿದ್ದಾಗ ತೇಲುವುದನ್ನು ಸಾಣಿಗೆಯಲ್ಲಿ ಎತ್ತುವ ಕೆಲಸ ನನ್ನದು. ಆ ಕರಿ ಕಾಳೂ ಎರ್ಗಟ್ಟೇ, ಯುರೋಪಿನದ್ದರ ದಾಯಾದಿ, ಕ್ಲಾವಿಸೆಪ್ಸ್ ಫ್ಯೂಸಿಫಾರ್ಮಿಸ್. 1975ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಇದು ಸೇರಿದ ಸಜ್ಜೆ ತಿಂದವರಿಗೆ ವಾಂತಿ, ತಲೆಸುತ್ತು, ಬಿಡದ ಮಂಪರು ಬಂದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ದಾಖಲಿಸಿದ್ದಾರೆ.

ಮಜಾ ಏನು ಗೊತ್ತೇ? ಸಜ್ಜೆಯ ಎರ್ಗಟ್ಟಿನಲ್ಲಿರುವುದು ಕ್ಲಾವಿನ್ ಅನ್ನುವ ಬೇರೆ ಗುಂಪಿನ ವಸ್ತುಗಳು. ರೈ ಎರ್ಗಟ್ಟಿನ ಹೆರಿಗೆ ಔಷಧ ಅದರಲ್ಲಿಲ್ಲ. ನೋಡುವುದಕ್ಕೆ ಅದೇ ಕರಿ ಕಾಳು, ಅದೇ ಜೇನಿನಂಥ ಅಂಟು, ಅದೇ ಕುಲ. ಯಾರಾದರೂ ‘ಎರ್ಗಟ್ ಒಳ್ಳೆಯದಂತೆ’ ಅಂತ ನಮ್ಮ ಹೊಲದ್ದನ್ನು ಅರೆದು ಬಾಣಂತಿಗೆ ಕುಡಿಸಿದರೆ ರಕ್ತ ನಿಲ್ಲುವುದಿಲ್ಲ, ವಾಂತಿ ಮಾತ್ರ ಗ್ಯಾರಂಟಿ. ನ್ಯಾಚುರಲ್ ಅನ್ನುವುದು ಬಿಡಿ, ಹೆಸರು ಒಂದೇ ಆಗಿದ್ದರೂ ಸಾಲದು. ಒಳಗಿರುವುದು ಏನು ಅಂತ ಬೇರ್ಪಡಿಸಿ ನೋಡಿದವರೇ ಹೇಳಬೇಕು.

ಕೊನೆಗೆ ಪೇಪರಿನವರಿಗೂ ಒಂದು ಮಾತು. ಭತ್ತದ ಕಂದು ಚುಕ್ಕೆ ರೋಗ ಗೊತ್ತಲ್ಲ? 1942ರಲ್ಲಿ ಬಂಗಾಳದ ಭತ್ತ ಹಾಳುಮಾಡಿದ ಶಿಲೀಂಧ್ರ ಅದು. 1943ರ ಬರಗಾಲಕ್ಕೆ ಅದೊಂದೇ ಕಾರಣ ಅಲ್ಲ, ಆಳಿದವರ ಪಾಲೂ ದೊಡ್ಡದು. ಆ ಶಿಲೀಂಧ್ರ ಮಾಡುವ ಓಫಿಯೋಬೋಲಿನ್ ಅನ್ನುವ ವಿಷ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮೆದುಳಿನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಅಂತ ಪ್ರಯೋಗಗಳಾಗಿವೆ. ಒಳ್ಳೆಯ ಸುದ್ದಿಯೇ. ಆದರೆ ಇಂಥದ್ದು ಬಂದ ಕೂಡಲೇ ‘ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು’ ಅಂತ ತಲೆಬರಹ ಕೊಡಬೇಡಿ. ತಟ್ಟೆಯಲ್ಲಿ ಕೋಶ ಕೊಲ್ಲುವುದು ಸುಲಭ, ಆಸಿಡ್ ಹಾಕಿದರೂ ಸಾಯುತ್ತವೆ! ಮನುಷ್ಯನನ್ನು ಉಳಿಸಿಕೊಂಡು ರೋಗವನ್ನು ಮಾತ್ರ ಕೊಲ್ಲುವುದು ಕಷ್ಟ. ಎರ್ಗಟ್ಟಿಗೆ 1582ರಿಂದ 1935ರವರೆಗೆ ಮುನ್ನೂರೈವತ್ತು ವರ್ಷ ಹಿಡಿಯಿತು.

ಲ್ಯಾಬಿನಿಂದ ಬಂದಿದ್ದೆಲ್ಲ ಪವಿತ್ರ ಅಂತಲೂ ನಾನು ಹೇಳುವುದಿಲ್ಲ. ಎರ್ಗಟ್ ವಂಶದ್ದೇ ಪರ್ಗೋಲೈಡ್ ಅನ್ನುವ ಪಾರ್ಕಿನ್ಸನ್ಸ್ ಔಷಧ ಹೃದಯದ ಕವಾಟ ಹಾಳುಮಾಡುತ್ತದೆ ಅಂತ ಗೊತ್ತಾಗಿ 2007ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಹೋಯಿತು. ಗೊತ್ತಾಗಿದ್ದು ಹೇಗೆ? ಯಾರು ತಗೊಂಡರು, ಎಷ್ಟು ತಗೊಂಡರು, ಏನಾಯಿತು ಅಂತ ಲೆಕ್ಕ ಇತ್ತು. ಲಾಗ್ ಇರುವ ಸರ್ವರ್ ಕೆಟ್ಟರೆ ರಿಪೇರಿ ಮಾಡಬಹುದು. ಲಾಗೇ ಇಲ್ಲದ ಸರ್ವರ್ ‘ಇಲ್ಲಿಯವರೆಗೂ ಕೆಟ್ಟಿಲ್ಲ’ ಅಂದರೆ ಯಾವ ಇಂಜಿನಿಯರ್ ನಂಬುತ್ತಾನೆ? ‘ಸೈಡ್ ಎಫೆಕ್ಟ್ ಇಲ್ಲ’ ಅನ್ನುವ ಪುಡಿಯ ಕಥೆಯೂ ಅಷ್ಟೇ. ಸೈಡ್ ಎಫೆಕ್ಟ್ ಇಲ್ಲ ಅಂತಲ್ಲ, ಯಾರೂ ಬರೆದಿಟ್ಟಿಲ್ಲ.

ಅವತ್ತು ರಾತ್ರಿ ನರ್ಸಮ್ಮ ಕೇಳಿದಾಗ ನಾವು ಬಾಯಿ ಮುಚ್ಚಿಕೊಂಡಿದ್ದೆವಲ್ಲ, ಇಡೀ ವ್ಯವಸ್ಥೆ ಕೆಡುವುದು ಅಲ್ಲೇ. ಕಾಕಾಗೆ ಬೈಸಿಕೊಳ್ಳುವ ಭಯ, ಅವ್ವನಿಗೆ ಮರ್ಯಾದೆಯ ಭಯ, ನನಗೆ... ಬಿ.ಇ. ಓದಿದವನಿಗೆ, ಮನೆಯವರ ಮುಂದೆ ಕಾಕಾನ ಮಾನ ಕಳೆಯಬಾರದು ಅನ್ನುವ ದಾಕ್ಷಿಣ್ಯ. ಅಕ್ಕ ಒಳಗೆ ರಕ್ತ ಸುರಿಸಿಕೊಂಡು ಮಲಗಿದ್ದಾಗ ನನಗೆ ದಾಕ್ಷಿಣ್ಯ! ಈ ಬರಹದಲ್ಲಿ ನಾನು ಕಾಕಾನ ಮೇಲೆ ಕೂಗಾಡಿದ್ದರಲ್ಲಿ ಅರ್ಧ ನನ್ನ ಮೇಲೇ ಅಂತ ತಿಳಿಯಿರಿ.

ಪೊಟ್ಟಣ ಇನ್ನೂ ನನ್ನ ಹತ್ತಿರ ಇದೆ, ಬಿಸಾಕಿಲ್ಲ. ಮುಂದಿನ ತಿಂಗಳು ಊರಿಗೆ ಹೋದಾಗ ಕಾಕಾನ ಮುಂದೆ ಅದನ್ನೂ ಡಿಸ್ಚಾರ್ಜ್ ಕಾರ್ಡನ್ನೂ ಅಕ್ಕಪಕ್ಕ ಇಡುತ್ತೇನೆ. "ಕಾಕಾ, ಎರಡೂ ನೀವ ಓದ್ರಿ. ಯಾವುದ್ರಾಗ ಏನೈತಿ, ಎಷ್ಟೈತಿ ಅಂತ ಬರದಾರ ಹೇಳ್ರಿ" ಅನ್ನುತ್ತೇನೆ. ಮೇಷ್ಟ್ರಲ್ಲವಾ, ಲೆಕ್ಕ ಅರ್ಥವಾಗುತ್ತದೆ.

ಗೆಳೆಯರೇ, ನಿಮ್ಮ ಮನೆಯಲ್ಲೂ ಇಂಥ ಪೊಟ್ಟಣ ಇರಬಹುದು. ಆಸ್ಪತ್ರೆಯಲ್ಲಿ ಕೇಳಿದರೆ ದಯವಿಟ್ಟು ಹೇಳಿಬಿಡಿ. ಒಪ್ಪದವರು ಕಾಮೆಂಟಿನಲ್ಲಿ ಧಾರಾಳವಾಗಿ ಬೈಯಿರಿ, ಕಾಯುತ್ತಿರುತ್ತೇನೆ.

ಅಂದಹಾಗೆ, ಅಳಿಯ ಈಗ ಗೋಡೆ ಹಿಡಿದು ನಿಲ್ಲುತ್ತಾನೆ :)